ನಾಲ್ಕನೆಯ ಏಟಿಗೆ ಕುಂಟುವ ಮಗ್ಗ

ಹೊಟ್ಟೆಕಿಚ್ಚಿಗೆ ವಾಸನೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಇರುತ್ತದೆ ಎನ್ನುತ್ತೇನೆ. ಸೀಮೆಎಣ್ಣೆ ಜನರೇಟರ್ ಮೊದಲ ಸಲ ಕೆಮ್ಮಿ, ಕರಿ ಹೊಗೆ ಉಗುಳಿ, ಆಮೇಲೆ ಉಸಿರು ಹಿಡಿಯುತ್ತದಲ್ಲ, ಆ ಹೊಗೆಯ ವಾಸನೆ. ಹೋದ ತಿಂಗಳು ಜಮಖಂಡಿಯ ಒಂದು ಮದುವೆಯಲ್ಲಿ ಪಂಕ್ತಿಗೆ ಕುಳಿತು, ಬೆಲ್ಲದ ಮಾದಲಿಯ ಮೇಲೆ ಇನ್ನೊಂದು ಚಮಚ ತುಪ್ಪ ಬೀಳಲಿ ಎಂದು ಬಡಿಸುವವನಿಗೆ ದೊಡ್ಡ ಪುಢಾರಿಯ ದನಿಯಲ್ಲಿ ಭರವಸೆ ಕೊಡುತ್ತಿದ್ದೆ. ಲೈಟ್ ಹೋಯಿತು. ಕಿಟಕಿಯಾಚೆ ಜನರೇಟರ್ ಕೆಮ್ಮಿತು. ಹೊಗೆ ಮೂಗಿಗೆ ಹತ್ತಿದ್ದೇ ತಡ, ಹತ್ತು ವರ್ಷ ಹಿಂದಿನ ಒಂದು ಬೇಸಿಗೆ ಎದ್ದು ನನ್ನ ಎಲೆಯ ಎದುರಿಗೆ ಬಂದು ಕುಳಿತಿತು.

ದೀಪ ಮತ್ತೆ ಹತ್ತಿದಾಗ ವೇದಿಕೆಯ ಬ್ಯಾನರ್ ಕಾಣಿಸಿತು: ‘ಸೂಪರ್ ನ್ಯೂ ಬೆಳ್ಳಿಚುಕ್ಕಿ ಮೆಲೋಡೀಸ್, ರಬಕವಿ-ಬನಹಟ್ಟಿ’. ಅದರ ಕೆಳಗೆ ಐದು ಜನ ವಾದ್ಯಗಳನ್ನು ಹೊಂದಿಸುತ್ತಿದ್ದರು. ಒಂದು ಮುಖವೂ ನನಗೆ ಗೊತ್ತಿರಲಿಲ್ಲ. ಆ ಬ್ಯಾಂಡಿನಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ ಎಂದರೆ ಪಕ್ಕದಲ್ಲಿ ಕುಳಿತವನು ನಂಬುತ್ತಿರಲಿಲ್ಲ. ಈಗ ನಾನು ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯಿತಿ, ಕಳೆದುಹೋದ ಎಮ್ಮೆ, ಚುನಾವಣೆಯ ಉಮೇದುವಾರ, ಎಲ್ಲವನ್ನೂ ಒಂದೇ ಭಕ್ತಿಯಿಂದ ಕೂಗುವವನು.

ಬೆಳ್ಳಿಚುಕ್ಕಿ ಹುಟ್ಟಿಸಿದವನು ಗಿರಿಮಲ್ಲಣ್ಣ. ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಸೋಮವಾರ ಕೆಂಪು, ಗುರುವಾರ ಹಸಿರು ಕೈಯಲ್ಲಿ ಗಿಟಾರ್ ಹಿಡಿಯುತ್ತಿದ್ದ. ಹರೆಯದಲ್ಲಿ ಪುಣೆಯಲ್ಲಿ ದುಡಿಯುವಾಗ ರದ್ದಿ ಬಜಾರಿನಲ್ಲಿ ಅವನಿಗೆ ಮೂರು ಕ್ಯಾಸೆಟ್ ಸಿಕ್ಕಿದ್ದವು. ಮೂರೂ ಇಂಗ್ಲೆಂಡಿನ ಒಂದೇ ಬ್ಯಾಂಡಿನವು. ಅವುಗಳನ್ನು ಮನೆಯಲ್ಲಿ ದೇವರ ಜಗುಲಿಯ ಮೇಲಿಟ್ಟಿದ್ದ. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಆ ದರ್ಶನ.

"ಇದಕ್ಕ ರಿದಮ್ ಅಂಡ್ ಬ್ಲೂಸ್ ಅಂತಾರ," ಎಂದು ನಮಗೆ ಹೇಳಿದ.

"ರಿದಮ್ ತಿಳೀತು. ಬ್ಲೂಸ್ ಅಂದ್ರ ಏನಣ್ಣಾ?" ಎಂದು ಕೇಳಿದವನು ಮೈಬೂಬ, ನಮ್ಮ ಡ್ರಮ್ಮಿನವನು.

"ಬ್ಲೂಸ್ ಅಂದ್ರ ದುಃಖ. ತಾಳಕ್ಕ ಕುಂತ ದುಃಖ."

"ಹಂಗಾರ ನಮ್ಮ ಮಂದಿ ಸತ್ತ ಮನ್ಯಾಗ ಭಜನಿ ಹಾಡ್ತಾರಲ್ಲ, ಅದ ಬಿಡು."

ಗಿರಿಮಲ್ಲಣ್ಣ ಅವನ ತಲೆಗೊಂದು ಬಿಟ್ಟು ಕ್ಯಾಸೆಟ್ಟಿನ ಚಿತ್ರ ತೋರಿಸಿದ. ಮೊದಲನೆಯದರಲ್ಲಿ ಐದು ಜನ ಉದ್ದಗೂದಲಿನ ಹುಡುಗರು. ಎರಡನೆಯದರಲ್ಲಿ ನಾಲ್ವರು, ಅವರಲ್ಲಿ ಮೂವರು ಹೊಸಬರು. ಹಳಬ ಅಂತ ಉಳಿದವನು ಮೌತ್ ಆರ್ಗನ್ ನುಡಿಸುವ ಒಬ್ಬ ತೆಳ್ಳನೆಯ ಮನುಷ್ಯ. ಮೂರನೆಯದರಲ್ಲಿ ಅವನೂ ಇಲ್ಲ, ಎಲ್ಲ ಬೇರೆ ಮುಖಗಳು. ಆದರೆ ಮೂರರ ಮೇಲೂ ಅದೇ ಹೆಸರು, ಅದೇ ಅಕ್ಷರ.

"ನಡಕ ಎರಡ ಸಲ ಬಂದ್ ಬಿದ್ದಿತ್ತಂತ, ಮತ್ತ ಎದ್ದು ನಿಂತಾರ. ಮಂದಿ ಹೋಗ್ತಾರ, ಮಂದಿ ಬರ್ತಾರ. ಹೆಸರು ನಿಂತಿರತೈತಿ," ಎಂದ. ಮುಂದೆ ಈ ಮಾತು ನನ್ನ ಕುತ್ತಿಗೆಗೇ ಬರುತ್ತದೆ ಎಂದು ಆಗ ಗೊತ್ತಿದ್ದರೆ ಕ್ಯಾಸೆಟ್ಟಿನ ರೀಲು ಎಳೆದು ನೂಲು ಸುತ್ತುವ ಕಂಡಕಿಗೆ ಸುತ್ತಿಬಿಡುತ್ತಿದ್ದೆ.

ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಬಿಟ್ಟು ಹೋದವರ ಹೆಸರೂ ಇದ್ದವಂತೆ. ಅದನ್ನು ನೋಡಿ ಅವನೊಂದು ಪದ್ಧತಿ ಮಾಡಿದ್ದ. ಕಾರ್ಯಕ್ರಮ ಶುರುವಾಗುವ ಮೊದಲು ಈಗಿನವರ ಹೆಸರಿನ ಜೊತೆಗೆ ಹಿಂದೆ ಇದ್ದು ಹೋದವರ ಹೆಸರನ್ನೂ ಮೈಕಿನಲ್ಲಿ ಕೂಗಬೇಕು. ಜಗಳವಾಡಿ ಹೋದವನಿರಲಿ, ಹೊಸ ಸ್ಪೀಕರ್ ಒಯ್ದು ಪರಾರಿಯಾದವನಿರಲಿ, ಎಲ್ಲರದೂ. ನಮ್ಮ ಬ್ಯಾಂಡಿನಲ್ಲಿ ಇದ್ದವರಿಗಿಂತ ಹೋದವರೇ ಹೆಚ್ಚು. ಹೆಸರು ಕೂಗಿ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರು ಎರಡೆರಡು ಸಲ ಎಲೆಅಡಿಕೆ ಮಡಚುತ್ತಿದ್ದರು.

ನಾನು ಸೇರಿದ್ದು ಬಾಯಿಯ ಪುಣ್ಯದಿಂದ. ಬನಹಟ್ಟಿಯಲ್ಲಿ ನಮ್ಮಪ್ಪನವು ಎರಡು ಕರೆಂಟಿನ ಮಗ್ಗ. ನಾನು ಬಿ.ಎ. ಎರಡನೇ ವರ್ಷದಲ್ಲಿ ಎರಡನೇ ವರ್ಷ ಓದುತ್ತಿದ್ದೆ. ಬೀಗಿತ್ತಿಯರ ಜಗಳ, ಲೋಕಾಪುರ ಬಸ್ಸಿನ ಗೇರು, ನಮ್ಮ ಸಾಲಿ ಮಾಸ್ತರರ ಸೀನು, ಯಾವುದು ಬೇಕಾದರೂ ಬಾಯಲ್ಲಿ ಬರುತ್ತಿತ್ತು. ಬರದೆ ಇದ್ದದ್ದು ನನ್ನ ದನಿ ಒಂದೇ. ಸುಮ್ಮನೆ ಮಾತಾಡಲು ಹೋದರೂ ಯಾರದೋ ಗಂಟಲು ಬಂದು ಕೂಡುತ್ತಿತ್ತು. ಗಿರಿಮಲ್ಲಣ್ಣನಿಗೆ ಆ ತೆಳ್ಳನೆಯ ಮನುಷ್ಯನಂತೆ ಮೌತ್ ಆರ್ಗನ್ ನುಡಿಸುವವನೊಬ್ಬ ಬೇಕಿತ್ತು. ಸಿಕ್ಕಿರಲಿಲ್ಲ. ನಾನು ಎರಡೂ ಕೈ ಬಾಯಿಗೆ ಮುಚ್ಚಿ, ತುಟಿ ನಡುಗಿಸಿ, ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಹಾಗೇ ತೆಗೆದೆ. ಅವನ ಕಣ್ಣಲ್ಲಿ ನೀರು ಬಂತು. "ಲೇ ಶಿವ್ಯಾ, ನಿನ್ನ ಬಾಯಾಗ ಇಂಗ್ಲೆಂಡ್ ಐತಲೇ," ಎಂದ. ಇಡೀ ಓಣಿ ನನ್ನನ್ನು ಒಂದು ವಾರ ಇಂಗ್ಲೆಂಡ್ ಶಿವ್ಯಾ ಎಂದು ಕರೆಯಿತು. ಎರಡನೇ ವಾರ ಬರೀ ಇಂಗ್ಲಂಡ್ಯಾ ಆಯಿತು. ಮರ್ಯಾದೆ ನಮ್ಮೂರಲ್ಲಿ ಅಷ್ಟೇ ದಿನ ಬಾಳುತ್ತದೆ.

ಆಮೇಲೆ ಕೀಬೋರ್ಡಿನವನು ಮುನಿಸಿಕೊಂಡು ಜಮಖಂಡಿಗೆ ಹೋಗಿ ‘ಒರಿಜಿನಲ್ ಬೆಳ್ಳಿಚುಕ್ಕಿ’ ಎಂದು ಬೋರ್ಡು ಹಾಕಿದ. ನಮ್ಮದು ಬಂದ್ ಬಿತ್ತು. ನಾನು ಮನೆಯಲ್ಲಿ ಕಂಡಕಿ ಸುತ್ತುತ್ತ, ಒಳಗೊಳಗೇ ಕುದಿಯುತ್ತ ಎಂಟು ತಿಂಗಳು ಕಳೆದೆ.

ಆ ಬೇಸಿಗೆ ಗಿರಿಮಲ್ಲಣ್ಣ ಮತ್ತೆ ಎಲ್ಲರನ್ನೂ ಕರೆದ. ಪೇಂಟರ್ ಹಳೆಯ ಬ್ಯಾನರಿನಲ್ಲಿ ಹೆಸರಿನ ಮುಂದೆ ಇದ್ದ ಖಾಲಿ ಜಾಗದಲ್ಲಿ ‘ನ್ಯೂ’ ಎಂದು ಇರುಕಿಸಿದ. ಬನಹಟ್ಟಿಯಲ್ಲಿ ಒಂದು ಸೀರೆ ಅಂಗಡಿಯ ಉದ್ಘಾಟನೆ, ಅದೇ ನಮ್ಮ ಪುನರ್ಜನ್ಮದ ಕಾರ್ಯಕ್ರಮ. ಈ ಸಲ ಮೌತ್ ಆರ್ಗನ್ನಿನ ಐಟಂ ಪೂರ್ತಿ ನನಗೆ ಕೊಡುವುದಾಗಿ ಅವನು ಮೊದಲೇ ಹೇಳಿದ್ದ. ನಾನು ಇಸ್ತ್ರಿಗೆ ಅಂಗಿ ಕೊಟ್ಟೆ. ಅಪ್ಪನಿಗೂ ಹೇಳಿದೆ. "ನೋಡೂಣು," ಎಂದ. ಆವರೆಗೆ ಅವನು ನನ್ನ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ.

ನದಿಯಲ್ಲಿ ಬಂಡೆಗಳು ಬೆನ್ನು ತೋರಿಸುತ್ತಿದ್ದ ದಿನಗಳು. ರಬಕವಿಯ ನೂಲಿನ ಗೋದಾಮಿನಲ್ಲಿ ತಾಲೀಮು. ತಗಡಿನ ಚಾವಣಿ, ಕೆಳಗೆ ಗಂಜಿ ಹಾಕಿದ ನೂಲಿನ ಹುಳಿ ವಾಸನೆ. ಮೂರನೆಯ ದಿನ ಬಾಗಿಲಲ್ಲಿ ಒಬ್ಬ ನಿಂತ. ನನ್ನದೇ ವಯಸ್ಸು, ಹೆಗಲ ಮೇಲೆ ಚೀಲ. ಚೀಲದಿಂದ ಟವೆಲ್ ತೆಗೆದ, ಟವೆಲ್ ಬಿಚ್ಚಿ ಮೌತ್ ಆರ್ಗನ್ ತೆಗೆದ. ಖರೇಖರೆ ಮೌತ್ ಆರ್ಗನ್. ತಗಡಿನ ತೂತಿನಿಂದ ಬಿದ್ದ ಬಿಸಿಲು ಅದರ ಮೇಲೆ ಕುಳಿತು ನೇರ ನನ್ನ ಕಣ್ಣಿಗೇ ಹೊಡೆಯಿತು.

ಹೆಸರು ಪರಶುರಾಮ. ಬೀಳಗಿ ಕಡೆಯವರು, ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಈಗ ಮುಧೋಳದ ಹತ್ತಿರ ಮನೆ ಕಟ್ಟಿಕೊಂಡಿದ್ದರು. ಹಿನ್ನೀರು ಎಲ್ಲರಿಂದಲೂ ಕಸಿದುಕೊಂಡಿತ್ತು. ನಮಗೆ ಮಾತ್ರ ಇವನನ್ನು ತೇಲಿಸಿ ತಂದುಕೊಟ್ಟಿತು.

ಅವನು ನುಡಿಸಿದ. ಅದರ ಬಗ್ಗೆ ಕೆಟ್ಟದ್ದು ಹೇಳಬೇಕೆಂದು ಹತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಉಸಿರನ್ನು ಒಳಗೆ ಎಳೆದುಕೊಳ್ಳುವಾಗಲೂ ಸ್ವರ ಬರುತ್ತಿತ್ತು. ನಾನು ಆವರೆಗೆ ಹೊರಗೆ ಬಿಡುವ ಉಸಿರಿನಲ್ಲಷ್ಟೇ ಮಾಡುತ್ತಿದ್ದೆ. ಗಿರಿಮಲ್ಲಣ್ಣನ ಕಣ್ಣಲ್ಲಿ ನೀರು ಬಂತು. ಅದೇ ಕಣ್ಣು, ಅದೇ ನೀರು. ಹಾಳಾದವನಿಗೆ ಯಾರು ಊದಿದರೂ ನೀರು ಬರುತ್ತದೆ ಎಂದು ಅವತ್ತು ಗೊತ್ತಾಯಿತು.

"ಶಿವ್ಯಾ, ನೀ ಅನೌನ್ಸ್ ಮಾಡು. ಹೆಸರು ಕೂಗು. ನಡನಡಕ ನಗಸು," ಎಂದ.

"ಮತ್ತ ಮೌತ್ ಆರ್ಗನ್?"

"ವಸ್ತು ಇದ್ದವ ಬಂದಾನಲ್ಲೋ ಈಗ."

ಆವತ್ತಿನಿಂದ ನಾನು ಪರಶುರಾಮನನ್ನು ಅಣಕಿಸುವುದನ್ನೇ ಕಸುಬು ಮಾಡಿಕೊಂಡೆ. ನುಡಿಸುವ ಮೊದಲು ಅವನು ಮೌತ್ ಆರ್ಗನ್ನನ್ನು ಅಂಗೈಗೆ ಮೂರು ಸಲ ಬಡಿದು, ಕಣ್ಣು ಮುಚ್ಚಿ, ಕತ್ತು ವಾಲಿಸುತ್ತಿದ್ದ. ನಾನು ಜೋಳದ ರೊಟ್ಟಿಯ ಚೂರು ಹಿಡಿದು ಹಾಗೇ ಮಾಡಿ, ಕೊನೆಗೆ ತಿಂದುಬಿಡುತ್ತಿದ್ದೆ. ಮೈಬೂಬ ಡ್ರಮ್ಮಿನ ಮೇಲೆ ಬಿದ್ದು ನಗುತ್ತಿದ್ದ. ಪರಶುರಾಮನೂ ನಗುತ್ತಿದ್ದ, ಅದೇ ನನಗೆ ತಡೆಯಲಾಗದ್ದು.

"ಇನ್ನೊಮ್ಮೆ ಮಾಡ್ರಿ ಶಿವಾನಂದಣ್ಣಾರ," ಎನ್ನುತ್ತಿದ್ದ. ಊರೆಲ್ಲ ಇಂಗ್ಲಂಡ್ಯಾ ಎನ್ನುವಾಗ ಇವನೊಬ್ಬ ಅಣ್ಣಾರ ಎನ್ನುತ್ತಿದ್ದ. ಬೈದಿದ್ದರೆ ಎಷ್ಟೋ ಛಲೋ ಇತ್ತು.

ಮನೆಗೆ ಬಂದು ಎರಡನೇ ಮಗ್ಗದ ಬಳಿ ಕುಳಿತು ಒಳಉಸಿರಿನಲ್ಲಿ ಸ್ವರ ತೆಗೆಯಲು ಹೆಣಗುತ್ತಿದ್ದೆ. ಮಗ್ಗದ ಸಪ್ಪಳದಲ್ಲಿ ನನ್ನದು ಯಾರಿಗೂ ಕೇಳದು ಎಂಬ ಧೈರ್ಯ. ಆ ಮಗ್ಗದ ಗಾಲಿಯ ಯಾವುದೋ ಹಲ್ಲು ಸವೆದಿತ್ತು. ಮೂರು ಏಟು ಸರಳವಾಗಿ ಬೀಳುತ್ತಿದ್ದವು, ನಾಲ್ಕನೆಯದು ಕಾಲು ಎಳೆದುಕೊಂಡು ತಡವಾಗಿ ಬರುತ್ತಿತ್ತು. ಖಟ್‌ಪಟ್, ಖಟ್‌ಪಟ್, ಖಟ್‌ಪಟ್, ಖಟ್... ಪಟ್. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ. ಮೌತ್ ಆರ್ಗನ್ ಬರಲಿಲ್ಲ. ಆ ಕುಂಟು ಸಪ್ಪಳ ಮಾತ್ರ ಕೇಳದೆಯೇ ನನ್ನ ಬಾಯೊಳಗೆ ಬಂದು ಕುಳಿತಿತು.

ಉದ್ಘಾಟನೆಯ ದಿನ ಸಂಜೆ ಮೈದಾನ ತುಂಬಿತ್ತು. ನಮ್ಮ ಮೇಲಿನ ಪ್ರೀತಿಗಲ್ಲ. ಆ ಬೇಸಿಗೆ ಕರೆಂಟು ಹೇಳಿ ಹೋಗುತ್ತಿರಲಿಲ್ಲ, ಕೇಳಿದರೆ ಬರುತ್ತಿರಲಿಲ್ಲ. ಮಧ್ಯಾಹ್ನ ಹೋದದ್ದು ಇನ್ನೂ ಬಂದಿರಲಿಲ್ಲ. ಮಗ್ಗ ನಿಂತ ನೇಕಾರ ಏನು ಮಾಡಬೇಕು? ಮಕ್ಕಳುಮರಿ ಕಟ್ಟಿಕೊಂಡು ಬಂದು ಕೂತರು. ಅಂಗಡಿಯವರು ಬಾಡಿಗೆಗೆ ತಂದ ಜನರೇಟರ್ ಕೆಮ್ಮಿತು, ಹೊಗೆ ನನ್ನ ಮುಖಕ್ಕೇ ಬಂತು. ನಾನು ವೇದಿಕೆಯ ಮೂಲೆಯಲ್ಲಿ, ದೊಡ್ಡ ಸ್ಪೀಕರಿನ ಹಿಂದೆ, ಸಣ್ಣ ಮೈಕ್ ಹಿಡಿದು ನಿಂತಿದ್ದೆ.

ಇದ್ದವರ ಹೆಸರು ಕೂಗಿದೆ, ಹೋದವರ ಹೆಸರು ಕೂಗಿದೆ. ಪರಶುರಾಮನ ಹೆಸರು ಬಂದಾಗ, "ಹಿನ್ನೀರಿನ ಮೊಸಳಿ," ಎಂದೆ. ಜನ ನಕ್ಕರು. ಅವನು ಮುಂದೆ ಬಂದು ಅಂಗೈಗೆ ಮೂರು ಸಲ ಬಡಿದು, ಕಣ್ಣು ಮುಚ್ಚಿದ. ನುಡಿಸಿದ. ನಗುತ್ತಿದ್ದ ಮೈದಾನ ಗಪ್ಪಾಯಿತು. ಮಡಿಲ ಕೂಸಿಗೆ ಹಾಲು ಕುಡಿಸುತ್ತಿದ್ದ ಹೆಂಗಸೊಬ್ಬಳು ತಟ್ಟುವುದನ್ನು ಮರೆತು ಅವನನ್ನೇ ನೋಡುತ್ತಿದ್ದಳು. ಅದು ನನ್ನ ಐಟಂ. ಆ ಮೌನ ನನಗೆ ಬರಬೇಕಾದ ಮೌನ.

ನಮ್ಮೂರಲ್ಲಿ ಕರೆಂಟು ಬಂದದ್ದನ್ನು ಯಾರೂ ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತಾರೆ. ಎಲ್ಲೋ ಒಂದು ಮಗ್ಗ ಖಟ್ ಎಂದರೆ ಸಾಕು, ಉಣ್ಣುವವನು ಕೈ ತೊಳೆಯದೆ ಏಳುತ್ತಾನೆ. ಕರೆಂಟಿದ್ದಾಗ ಮಗ್ಗ ನಿಂತಿದ್ದರೆ ಆ ಮನೆಯಲ್ಲಿ ಹೆಣ ಇದೆ ಎಂದೇ ಲೆಕ್ಕ.

ನಾನು ಸಣ್ಣ ಮೈಕನ್ನು ತುಟಿಗೆ ಹಚ್ಚಿದೆ. ಮೊದಲು ದೂರದ ಓಣಿಯ ಮಗ್ಗದಂತೆ, ಕೇಳಿಯೂ ಕೇಳದಂತೆ. ಆಮೇಲೆ ಸ್ವಲ್ಪ ಹತ್ತಿರ.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. "ಲೈಟ್ ಬಂತ್ಲೇ!"

ಅಷ್ಟೇ. ಮೈದಾನವೇ ಎದ್ದು ನಿಂತಿತು. ಗಂಡಸರು ಧೋತರ ಎತ್ತಿ ಓಡಿದರು, ಹೆಂಗಸರು ಮಕ್ಕಳ ರಟ್ಟೆ ಹಿಡಿದು ಎಳೆದರು, ಚಪ್ಪಲಿಗಳು ಅದಲುಬದಲಾದವು. ಕಂಬದ ದೀಪ ಹತ್ತಿಲ್ಲವಲ್ಲ ಎಂದು ಒಬ್ಬರಾದರೂ ತಲೆ ಎತ್ತಿ ನೋಡಲಿಲ್ಲ. ಓಡುವವರ ನಡುವೆ ಒಂದು ಪರಿಚಿತ ಬೋಳುತಲೆ ಕಂಡಿತು. ನಮ್ಮಪ್ಪ. ಬಂದಿದ್ದ. ಹಿಂದಿನ ಸಾಲಿನ ತುದಿಗೆ ಕುಳಿತಿದ್ದವನು ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ.

ಪರಶುರಾಮ ನಿಲ್ಲಿಸುತ್ತಾನೆ, ಮುಖ ಸಣ್ಣದಾಗುತ್ತದೆ ಎಂದು ನಾನು ಕಾದೆ. ಅವನು ಕಣ್ಣು ತೆರೆದ. ಖಾಲಿ ಮೈದಾನ ನೋಡಿದ. ಸ್ಪೀಕರಿನ ಕಡೆಗೆ ಕಿವಿಯಿಟ್ಟ. ಆಮೇಲೆ ಮತ್ತೆ ಕಣ್ಣು ಮುಚ್ಚಿ, ನನ್ನ ಮಗ್ಗದ ಏಟಿಗೆ ಸರಿಯಾಗಿ ಸ್ವರ ಕೂಡಿಸತೊಡಗಿದ. ಮೂರು ಏಟಿಗೆ ಹೊರಉಸಿರು. ನಾಲ್ಕನೆಯದು ಕುಂಟಿ ಬರುವಷ್ಟರಲ್ಲಿ ಆ ಸಂದಿಯಲ್ಲಿ ಒಂದು ಉದ್ದನೆಯ ಒಳಉಸಿರು ಎಳೆದ. ನಡುಗುತ್ತ, ಬಾಗುತ್ತ ಬಂದ ಆ ಸ್ವರ ಗಿರಿಮಲ್ಲಣ್ಣನ ಜಗುಲಿಯ ಕ್ಯಾಸೆಟ್ಟಿನಲ್ಲೂ ಇರಲಿಲ್ಲ.

ನಾನು ಸಿಕ್ಕಿಬಿದ್ದೆ. ನಿಲ್ಲಿಸಿದರೆ ಸಪ್ಪಳ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ನಿಲ್ಲಿಸದಿದ್ದರೆ ವೈರಿಗೆ ನಾನೇ ತಾಳ ಹಾಕಿದಂತಾಗುತ್ತದೆ. ತುಟಿ ಮರಗಟ್ಟಿತು, ಉಗುಳು ಒಣಗಿತು. ಅಷ್ಟರಲ್ಲಿ ಓಡಿಹೋದವರು ಒಬ್ಬೊಬ್ಬರೇ ಬೈಯುತ್ತ ವಾಪಸಾದರು. "ಲೈಟೂ ಇಲ್ಲ ಗೀಟೂ ಇಲ್ಲ, ಯಾವನಲೇ ಅಂವ?" ಎಂದು ಬಂದವರು ವೇದಿಕೆಯಿಂದ ತಮ್ಮ ಮಗ್ಗದ ಸಪ್ಪಳಕ್ಕೆ ಹಾಡು ಹುಟ್ಟುತ್ತಿರುವುದನ್ನು ಕೇಳಿ ಹಾಗೇ ನಿಂತರು. ಇದು ಮೊದಲೇ ಹೂಡಿದ ಆಟ ಎಂದುಕೊಂಡರು. ಸೀಟಿ ಬಿದ್ದವು. "ಒನ್ಸ್ ಮೋರ್!" ಎಂದು ಕೂಗಿದರು. ಅವನ ಕಡೆಗೆ ಕೈ ತೋರಿಸಿ ಕೂಗಿದರು. ನಾನು ಸ್ಪೀಕರಿನ ಹಿಂದೆ. ಒನ್ಸ್ ಮೋರೂ ಮಾಡಿದೆ.

ಮುಗಿದ ಮೇಲೆ ಗಿರಿಮಲ್ಲಣ್ಣ ನನ್ನನ್ನು ವೇದಿಕೆಯ ಹಿಂದೆ ಕರೆದ. ಅವತ್ತು ಅವನ ಕೈ ನೀಲಿ ಇತ್ತು.

"ಮಂದಿ ಓಡ್ಲಿ ಅಂತ ಮಾಡಿದೆಲ್ಲೋ?"

ಇಸ್ತ್ರಿ ಮಾಡಿಸಿದ ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡೆ.

"ಅಂವ ಉಳಿಸಿದ. ಇಲ್ಲಂದ್ರ ಇವತ್ತ ಬೆಳ್ಳಿಚುಕ್ಕಿ ಹುಟ್ಟಿದ ದಿನಾನ ಮುಳುಗ್ತಿತ್ತು." ಗಿಟಾರಿನ ತಂತಿ ಒಂದೊಂದಾಗಿ ಸಡಿಲಿಸಿದ. "ಮಂದಿ ಹೋಗ್ತಾರ, ಮಂದಿ ಬರ್ತಾರ, ಶಿವ್ಯಾ. ಈ ಸಲ ನೀ ಹೋಗು."

ಇಳಿದು ಬರುವಾಗ ಪರಶುರಾಮ ಎದುರಾದ. ಟವೆಲಿನಲ್ಲಿ ಮೌತ್ ಆರ್ಗನ್ ಸುತ್ತುತ್ತಿದ್ದ. "ತಾಳ ಭಾಳ ಛಲೋ ಕೊಟ್ರಿ ಅಣ್ಣಾರ," ಎಂದ. ಚುಚ್ಚಿದನೋ, ಮನಸಾರೆ ಅಂದನೋ, ಅವನ ಮುಖದಲ್ಲಿ ಓದಲಾಗಲಿಲ್ಲ. ಎಲ್ಲರ ಮುಖ ಓದಿ ಹೊಟ್ಟೆ ಹೊರೆಯುವವನು ನಾನು. ಅವತ್ತು ಅನಕ್ಷರಸ್ಥನಾದೆ.

ಮನೆಗೆ ಬಂದರೆ ಅಪ್ಪ ಎರಡನೇ ಮಗ್ಗದ ಹಲಗೆಯ ಮೇಲೆ ಕಂದೀಲು ಇಟ್ಟುಕೊಂಡು ಕುಳಿತಿದ್ದ.

"ಎಲ್ಲಾರೂ ಲೈಟ್ ಬಂತಂತ ಓಡಿದ್ರು. ನಾ ಅದಕ್ಕ ಓಡಲಿಲ್ಲ," ಎಂದ. "ನಮ್ಮ ಮಗ್ಗ ಹೊಂಟೈತಿ, ಮನ್ಯಾಗ ಯಾರೂ ಇಲ್ಲ, ಯಾರ ಚಾಲೂ ಮಾಡಿದ್ರು ಅಂತ ಎದಿ ಹೊಡಕೊಂಡು ಓಡಿದ್ನಿ. ಮೂರು ಸರಳ, ನಾಕನೇದು ಕುಂಟ. ಬನಹಟ್ಟ್ಯಾಗ ಹಂಗ ಕುಂಟೂ ಮಗ್ಗ ನಂದೊಂದ. ಬಾಗಲಾ ತಗದ್ರ ಮಗ್ಗ ನಿಂತೈತಿ, ಸಪ್ಪಳ ಮೈದಾನದಾಗಿಂದ ಬರಾಕತ್ತೈತಿ."

ನಾನು ಬೆನ್ನು ಬಾಗಿಸಿ ಏಟಿಗೆ ತಯಾರಾದೆ. ಅಪ್ಪ ಮಗ್ಗದ ಗಾಲಿಯನ್ನು ಬೆರಳಿನಿಂದ ಸವರುತ್ತಿದ್ದ.

"ಛಲೋ ತಗದಿ," ಎಂದ. ಆಮೇಲೆ, "ಕೆಟ್ಟದ್ದಕ್ಕ ತಗದಿ," ಎಂದು ಕಂದೀಲು ಎತ್ತಿಕೊಂಡು ಒಳಗೆ ಹೋದ.

ಮಳೆ ಬಂತು, ನದಿ ಬಂಡೆಗಳನ್ನು ಮುಚ್ಚಿತು. ನನ್ನನ್ನು ಯಾರೂ ವಾಪಸ್ ಕರೆಯಲಿಲ್ಲ. ಮಗ್ಗದ ಹಾಡಿನಿಂದ ಬೆಳ್ಳಿಚುಕ್ಕಿಗೆ ಹೆಸರು ಬಂತು ಎಂದೂ, ರನ್ನ ಬೆಳಗಲಿಯಲ್ಲಿ ಜನ ಟ್ರ್ಯಾಕ್ಟರಿನ ಮೇಲೆ ನಿಂತು ಕೇಳಿದರು ಎಂದೂ, ನನ್ನ ಸಪ್ಪಳವನ್ನು ಈಗ ಮೈಬೂಬ ಡ್ರಮ್ಮಿನ ಅಂಚಿಗೆ ಬಡಿದು ತೆಗೆಯುತ್ತಾನೆ ಎಂದೂ ಸುದ್ದಿ ಬರುತ್ತಿದ್ದವು. ಪ್ರತಿ ಸುದ್ದಿಗೂ ಎರಡು ರೊಟ್ಟಿ ಕಡಿಮೆ ತಿಂದೆ. ಬ್ಯಾಂಡು ಮುಂದೆ ಇನ್ನೆರಡು ಸಲ ನಿಂತು ಎರಡು ಸಲ ಎದ್ದಿತು. ಗಿರಿಮಲ್ಲಣ್ಣ ತೀರಿಕೊಂಡ ಮೇಲೆ ಪರಶುರಾಮನೇ ಯಜಮಾನನಾದನಂತೆ. ಮೈಬೂಬ ಬಿಟ್ಟು ಕೋಳಿ ಅಂಗಡಿ ಇಟ್ಟ. ಅಪ್ಪನ ಎರಡನೇ ಮಗ್ಗ ಗುಜರಿಗೆ ಹೋಯಿತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಜಮಖಂಡಿಯ ಮದುವೆಯಲ್ಲಿ ನನ್ನ ಮಾದಲಿ ಆರಿತ್ತು. ವೇದಿಕೆಯ ಮೇಲೆ ಅನೌನ್ಸ್ ಮಾಡುವವನು ಹೆಸರು ಕೂಗತೊಡಗಿದ. ಪದ್ಧತಿ ಇನ್ನೂ ಉಳಿದಿತ್ತು! ಇದ್ದವರದು ಮುಗಿಯಿತು, ಹೋದವರದು ಶುರುವಾಯಿತು. ಗಿರಿಮಲ್ಲಣ್ಣ, ಮೈಬೂಬ, ಸ್ಪೀಕರ್ ಒಯ್ದವನು, ಜಮಖಂಡಿಗೆ ಓಡಿದ ಕೀಬೋರ್ಡಿನವನು, ಕೊನೆಗೆ ಪರಶುರಾಮ. ಅಂದರೆ ಅವನೂ ಬಿಟ್ಟಿದ್ದ. ನಾನು ಕೈ ತೊಳೆಯದೆ ಕಾದೆ. ಸ್ಪೀಕರ್ ಕಳ್ಳನ ಹೆಸರಿತ್ತು. ನನ್ನದಿರಲಿಲ್ಲ.

ಆಮೇಲೆ ಮಗ್ಗದ ಹಾಡು. ಒಬ್ಬ ಹುಡುಗಿ ಎಲೆಕ್ಟ್ರಾನಿಕ್ ಪ್ಯಾಡಿನ ಮೇಲೆ ಎರಡು ಕಡ್ಡಿಯಿಂದ ಸಪ್ಪಳ ತೆಗೆದಳು. ಮೂರು ಸರಳ, ನಾಲ್ಕನೆಯದು ಕುಂಟ. ಗುಜರಿಗೆ ಹೋದ ಮಗ್ಗ ನನ್ನ ಎದುರಿಗೆ ಓಡುತ್ತಿತ್ತು.

ನಡುವೆ ಅವರು ಚಹಾಕ್ಕೆ ಇಳಿದಾಗ ಅವಳ ಹತ್ತಿರ ಹೋದೆ. "ಆ ನಾಕನೇ ಏಟು ತಪ್ಪಾಗತೈತೆಲ್ಲವಾ?" ಎಂದು ಕೆಣಕಿದೆ.

"ತಪ್ಪಲ್ರಿ, ಹಂಗ ಇರೂದು. ನಮ್ಮ ಪರಶುರಾಮ ಸರ್ ಕಲಿಸ್ಯಾರ. ಈಗ ಅವರು ಮುಧೋಳ ಕಡೆ ಸಕ್ಕರಿ ಕಾರ್ಖಾನ್ಯಾಗ ಕೆಲಸಕ್ಕ ಹೋಗ್ತಾರ."

"ಅವರಿಗೆ ಯಾರು ಕಲಿಸಿದ್ರು?"

"ಯಾರೋ ಬನಹಟ್ಟಿ ನೇಕಾರರ ಮಗಾ ಅಂತ್ರಿ. ಬಾಯಿಲೆ ತಗೀತಿದ್ದಂತ. ನಾವು ಹೆಸರ ಕೇಳಿದ್ವಿ, ಹೇಳಲಿಲ್ಲ. ಪಟ್ಟ್ಯಾಗಿಂದ ಆ ಹೆಸರ ತಗದವರೂ ನಮ್ಮ ಸರೇ." ಅವಳು ಚಹಾ ಊದುತ್ತ ನಕ್ಕಳು. "‘ಅವನ ಹೆಸರ ಮೈಕಿನ್ಯಾಗ ಕೂಗಿದ್ರ ಎಲ್ಲಿದ್ರೂ ಕೇಳಿ ವಾಪಸ್ ಬರ್ತಾನ. ಅಂವ ಬಂದ್ರ ನನ್ನ ಯಾರು ಕೇಳ್ತಾರ’ ಅಂತಿದ್ರು."

"ನಗಚಾಟಿಗೆ ಅಂದಿರಬೇಕು."

"ಇಲ್ರಿ. ಹಲ್ಲು ಕಡಕೊಂಡು ಅಂತಿದ್ರು."

ಹತ್ತು ವರ್ಷ ನನ್ನೊಳಗೆ ಉರಿದದ್ದು ಅಷ್ಟೇ ವರ್ಷ ಇನ್ನೊಬ್ಬನ ಒಳಗೂ ಉರಿಯುತ್ತಿತ್ತು. ಅಣ್ಣಾರ ಅಣ್ಣಾರ ಎನ್ನುತ್ತಲೇ ಉರಿದಿದ್ದಾನೆ, ಹಿನ್ನೀರಿನ ಮೊಸಳೆ! ತುಪ್ಪ ಬೀಳದ ಮಾದಲಿ ಒಮ್ಮೆಲೇ ಹೊಟ್ಟೆಯಲ್ಲಿ ಸಿಹಿಯಾಯಿತು.

"ನಿಮಗ ಗೊತ್ತೇನ್ರಿ ಆ ನೇಕಾರರ ಮಗಾ?" ಎಂದಳು.

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಅಷ್ಟು ಜೋಪಾನವಾಗಿ ಕಾಯ್ದುಕೊಂಡು ಬಂದದ್ದನ್ನು ನಾನೇಕೆ ಕೆಡಿಸಲಿ? ಪಟ್ಟಿಯಲ್ಲಿ ಹೆಸರಿದ್ದವರನ್ನು ಯಾರಾದರೂ ಮರೆತಾರು. ಹೆಸರು ತೆಗೆದವನು ದಿನಾ ನೆನೆಯುತ್ತಾನೆ.

"ಇಲ್ಲವಾ," ಎಂದೆ. "ಆದ್ರ ನಾಕನೇದು ಇನ್ನೊಂದೀಟು ತಡಾ ಮಾಡು. ನೀ ಅದಕ್ಕ ಗಡಿಬಿಡಿ ಮಾಡಾಕತ್ತಿ."

ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡತೊಡಗಿದಳು. ನಾನು ಚಪ್ಪಲಿ ಹುಡುಕಿಕೊಂಡು ಹೊರಟೆ. ಗೇಟು ದಾಟುವಾಗ ಹಿಂದಿನಿಂದ ಸಪ್ಪಳ ಮತ್ತೆ ಶುರುವಾಯಿತು. ಒಂದು, ಎರಡು, ಮೂರು ಸರಳ. ರಿಕ್ಷಾದ ಕಿಲ್ಲಿ ಕೈಯಲ್ಲಿ ಹಿಡಿದು ನಾಲ್ಕನೆಯದಕ್ಕೆ ಕಾದು ನಿಂತೆ.

ತಡವಾಗಿ, ಕಾಲೆಳೆಯುತ್ತ, ಸರಿಯಾಗಿ ಬಿತ್ತು.